ಒಂದು ಬಾಯಿ ಮೆಲುಕು

ಬಿಟ್ಟಿ ಸಿಕ್ಕಿದ್ದನ್ನು ಬೇಡ ಎನ್ನುವ ಶಕ್ತಿಯನ್ನು ದೇವರು ನನಗೆ ಕೊಡಲಿಲ್ಲ. ಕೊಟ್ಟಿದ್ದರೂ ಅದನ್ನು ಯಾರಿಗಾದರೂ ಒಳ್ಳೆಯ ದರಕ್ಕೆ ದಾಟಿಸಿಬಿಡುತ್ತಿದ್ದೆನೋ ಏನೋ. ನನ್ನದು ಖಾಲಿ ಚೀಲದ ವ್ಯಾಪಾರ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಹೋಟೆಲಿನ ಹಿಂದೆ, ಯಾವ ಛತ್ರದ ಉಗ್ರಾಣದಲ್ಲಿ, ಯಾವ ಹಾಸ್ಟೆಲಿನ ಮೆಟ್ಟಿಲ ಕೆಳಗೆ ಅಕ್ಕಿ ಸಕ್ಕರೆ ಮುಗಿದ ಚೀಲಗಳು ಬಿದ್ದಿವೆ ಎಂಬುದು ನನಗೆ ಗೊತ್ತು. ಸೈಕಲ್ಲಿನ ಕ್ಯಾರಿಯರಿಗೆ ಹತ್ತು ಚೀಲ ಕಟ್ಟಿಕೊಂಡು ಶುರು ಮಾಡಿದವನು ಈಗ ಸ್ವಂತ ಲಗೇಜ್ ಆಟೊದಲ್ಲಿ ಓಡಾಡುತ್ತೇನೆ. ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ದಾರಿಯಲ್ಲಿ ನಮ್ಮೂರಿನ ಹತ್ತಿರ ಬಸ್ಸು ಇಳಿದು 'ಚೀಲದ ಪುಟ್ಟಸ್ವಾಮಿ' ಎಂದರೆ ಸಾಕು, ಮನೆ ತೋರಿಸುತ್ತಾರೆ. ಜೊತೆಗೆ, "ಏನಾರ ಮಾರಾಕ್ ಬಂದಿದ್ರೆ ಇಂಗೇ ವಾಪಸ್ ಒಂಟೋಗಿ" ಎಂದೂ ಹೇಳುತ್ತಾರಂತೆ.

ಸ್ವಂತ ದುಡಿಮೆಯಿಂದ ಮೇಲೆ ಬಂದವನಿಗೆ ಇನ್ನೊಂದು ಕಾಯಿಲೆ ಅಂಟಿಕೊಳ್ಳುತ್ತದೆ. ಅದು ಬುದ್ಧಿ ಹೇಳುವುದು. ನನಗೆ ಗೊತ್ತಿಲ್ಲದ ವಿಷಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಗೊತ್ತಿಲ್ಲದ ವಿಷಯದಲ್ಲೂ ಒಂದೆರಡು ಮಾತು ಹೇಳಿದರೆ ನಷ್ಟವೇನು ಎಂದು ಮಾತ್ರ ಕೇಳುತ್ತೇನೆ. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಅಳಿಯನನ್ನು ಹೇಗೆ ಅಳೆಯಬೇಕು, ಮೂಲವ್ಯಾಧಿಗೆ ಯಾವ ಸೊಪ್ಪು ಒಳ್ಳೆಯದು, ಎಲ್ಲವನ್ನೂ ಬೆಳಿಗ್ಗೆ ಹಾಲಿನ ಡೈರಿಯ ಸಾಲಿನಲ್ಲಿ ಕ್ಯಾನು ಹಿಡಿದು ನಿಂತವರಿಗೆ ಪುಕ್ಕಟೆ ಹಂಚುತ್ತಿದ್ದೆ. ಸಾಲಿನಲ್ಲಿ ನಿಂತವರು ಎಲ್ಲಿಗೂ ಓಡಿಹೋಗಲಾರರು ಎಂಬುದು ನನ್ನ ಬಹುಕಾಲದ ಅನುಭವ.

ಆದರೆ ಡೈರಿಗೆ ಹೋಗುತ್ತಿದ್ದ ಹಾಲು ನನ್ನದಲ್ಲ. ಅದು ನನ್ನ ಹೆಂಡತಿ ಭಾಗ್ಯಳದು. ಹಸುವೂ ಅವಳದೇ. ತವರುಮನೆಯಿಂದ ಕರುವಾಗಿ ಬಂದದ್ದನ್ನು ಸ್ವಂತ ಕೈಯಲ್ಲಿ ಸಾಕಿ, ಚೆಲುವಿ ಎಂದು ಹೆಸರಿಟ್ಟು, ಈಗ ಎರಡನೆಯ ಸೂಲಿಗೆ ಬೀದಿಯೇ ತಿರುಗಿ ನೋಡುವ ಕಪ್ಪುಬಿಳುಪಿನ ಹಸುವಾಗಿ ನಿಲ್ಲಿಸಿದ್ದಾಳೆ. ಮಹಿಳಾ ಡೈರಿಯಲ್ಲಿ ಅವಳ ಹಾಲಿನ ಫ್ಯಾಟಿಗೆ ಹೆಸರಿದೆ. ನನ್ನ ಪಾಲಿನ ಕೆಲಸ ಕ್ಯಾನು ಹೊತ್ತುಕೊಂಡು ಹೋಗುವುದು, ಅಷ್ಟೆ. ಚೆಲುವಿಯ ಮೇಲೆ ನನಗಿರುವ ಅಧಿಕಾರ ಸರ್ಕಾರಿ ಬಸ್ಸಿನ ಮೇಲೆ ಪ್ರಯಾಣಿಕನಿಗಿರುವಷ್ಟು.

ಹೀಗಿರುವಾಗ ನಾಗಮಂಗಲದಲ್ಲಿರುವ ಭಾಗ್ಯಳ ಅಕ್ಕನಿಗೆ ಕಣ್ಣಿನ ಪೊರೆ ತೆಗೆಸಿದರು. ನೋಡಿಕೊಳ್ಳಲು ಭಾಗ್ಯ ಒಂದು ವಾರಕ್ಕೆಂದು ಹೊರಟಳು. ಬ್ಯಾಗು ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೇಳಿದಳು: "ಬೆಳಿಗ್ಗೆ ಒಣಹುಲ್ಲು, ಆಮೇಲೆ ಸೀಮೆಹುಲ್ಲು, ಹಾಲು ಕರೆಯೋವಾಗ ಎರಡು ಬೋಗುಣಿ ಬೂಸಾ-ಹಿಂಡಿ ತಿಂಡಿ. ಸಂಜೆಗೂ ಅಂಗೇ. ನೀವು ಏನೂ ಬದಲಾಯಿಸ್ಬ್ಯಾಡಿ. ನಿಮ್ಮ ತಲೇನೂ ಓಡಿಸ್ಬ್ಯಾಡಿ." ನನ್ನ ಊಟದ ಬಗ್ಗೆ ಏನಾದರೂ ಹೇಳುತ್ತಾಳೇನೋ ಎಂದು ಕಾದೆ. ಬಸ್ಸು ಬಂತು, ಹತ್ತಿದಳು.

ತಲೆ ಓಡಿಸಬೇಡ ಎಂದರೆ ಓಡದೇ ಇರುವ ತಲೆ ನನ್ನದಲ್ಲ. ಮೊದಲ ದಿನ ಕೊಟ್ಟಿಗೆಯಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ಚೆಲುವಿಯನ್ನು ವ್ಯಾಪಾರಿಯ ಕಣ್ಣಿನಿಂದ ನೋಡಿದೆ. ಏನು ಸೋಮಾರಿತನ ಅಂತೀರಿ! ಒಂದು ಹೊರೆ ಭತ್ತದ ಹುಲ್ಲನ್ನು ತಿನ್ನಲು ಅರ್ಧ ಬೆಳಗು, ಆಮೇಲೆ ಮಲಗಿ ಅದನ್ನೇ ಮತ್ತೆ ಬಾಯಿಗೆ ತಂದುಕೊಂಡು ಅಗಿಯಲು ಇನ್ನರ್ಧ ಬೆಳಗು. ಕಣ್ಣು ಅರ್ಧ ಮುಚ್ಚಿ, ದವಡೆಯನ್ನು ಅತ್ತಿಂದಿತ್ತ ಆಡಿಸುತ್ತಾ, ಸಂಬಳ ಬಂದ ಮರುದಿನದ ಗುಮಾಸ್ತನ ಹಾಗೆ. ನನಗೆ ಲೆಕ್ಕ ಹೊಳೆಯಿತು. ಒಣಹುಲ್ಲಿನಲ್ಲಿ ಸಾರವೇನಿದೆ? ಅದು ಹೊಟ್ಟೆಯಲ್ಲಿ ಜಾಗ ಹಿಡಿಯುತ್ತದೆ. ಒಳ್ಳೆಯ ಸರಕು ತುಂಬಬೇಕಾದ ಚೀಲದಲ್ಲಿ ಯಾರಾದರೂ ಹೊಟ್ಟು ತುಂಬುತ್ತಾರೆಯೇ? ಆ ಜಾಗಕ್ಕೆ ಮುಸುಕಿನ ಜೋಳದ ಹಿಟ್ಟು, ಇನ್ನೆರಡು ಬೋಗುಣಿ ತಿಂಡಿ ಹಾಕಿದರೆ ಅಗಿಯುವ ಹೊತ್ತೂ ಉಳಿಯುತ್ತದೆ, ಹಾಲೂ ಏರುತ್ತದೆ.

ಏರಿತು ಕೂಡ! ಎರಡನೆಯ ದಿನ ಕ್ಯಾನಿನಲ್ಲಿ ಹಾಲು ಒಂದು ಗೆರೆ ಮೇಲಿತ್ತು. ನನ್ನ ಅದೃಷ್ಟ ನೋಡಿ, ತಪ್ಪು ಮಾಡಿದಾಗಲೆಲ್ಲ ಮೊದಲ ದಿನ ಲಾಭ ತೋರಿಸಿಯೇ ಮುಂದಕ್ಕೆ ಕರೆದುಕೊಂಡು ಹೋಗುತ್ತದೆ. ಡೈರಿಯ ಸಾಲಿನಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ. "ಒಣಹುಲ್ಲು ಹಾಕೋದು ದಂಡ ಕಣ್ರಪ್ಪ. ಹುಲ್ಲು ನಿಲ್ಸಿ, ಹಿಟ್ಟು ಜಾಸ್ತಿ ಮಾಡಿ" ಎಂದೆ. ನಮ್ಮ ಬೀದಿಯವರು ತಲೆಯಾಡಿಸಿದರು. ಒಬ್ಬ ಮಾತ್ರ ತಲೆಯಾಡಿಸಲಿಲ್ಲ. ಅವನು ನಮ್ಮ ಪಕ್ಕದ ಮನೆಯ ಜವರಣ್ಣ.

ಜವರಣ್ಣನಿಗೂ ನನಗೂ ಮಾತು ಅಷ್ಟಕ್ಕಷ್ಟೆ. ಕಾರಣ ಸಣ್ಣದು. ಹೋದ ವರ್ಷ ಅವನ ರಾಗಿಹುಲ್ಲಿನ ಮೆದೆಯನ್ನು ಕೊಳ್ಳಲು ಹೋಗಿದ್ದೆ. ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಮುದ್ದೆಯವರೆಗೆ ಚೌಕಾಸಿ ನಡೆಯಿತು. ಕಾಫಿಯೂ ಅವನದೇ, ಮುದ್ದೆಯೂ ಅವನದೇ. ಕೊನೆಗೆ ಸಾಕಾಗಿ ಅವನು ನಾನು ಹೇಳಿದ ದರಕ್ಕೇ ಒಪ್ಪಿಕೊಂಡ. ಇಷ್ಟು ಬೇಗ ಒಪ್ಪಿಕೊಂಡನಲ್ಲ, ಮೆದೆಯ ಒಳಗೆ ಮುಗ್ಗು ಹಿಡಿದಿರಬೇಕು ಎಂದು ಅನುಮಾನ ಬಂದು ಕೈ ತೊಳೆದುಕೊಂಡು ಎದ್ದು ಬಂದೆ. ಅಂದಿನಿಂದ ಅವನು ನನ್ನನ್ನು ಕಂಡರೆ ಹೆಗಲ ಟವೆಲ್ಲನ್ನು ಒದರಿಕೊಂಡು ಒಳಗೆ ಹೋಗುತ್ತಾನೆ. ಅವತ್ತು ಡೈರಿಯಲ್ಲಿ ಮಾತ್ರ ಒಂದು ಮಾತು ಆಡಿದ. "ಅಸು ಉಲ್ಲು ತಿನ್ದೆ ಇನ್ನೇನ್ಲಾ ತಿಂದದು, ನಿನ್ನ ಬುದ್ಧೀನಾ?" ಎಂದ. ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ಲಾಭದಲ್ಲಿರುವವನಿಗೆ ನಗುವುದು ಸುಲಭ.

ಮೂರನೆಯ ದಿನ ಫ್ಯಾಟು ಇಳಿಯಿತು. ಹಾಲು ಅಳೆಯುವ ಡೈರಿಯ ಕಾರ್ಯದರ್ಶಿ ಮೆಷಿನ್ನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಭಾಗ್ಯಕ್ಕ ಊರಲ್ಲಿಲ್ವಾ ಅಣ್ಣ?" ಎಂದು ಕೇಳಿದಳು. ಆ ಪ್ರಶ್ನೆಯ ಹಿಂದೆ ಒಂದು ಚೊಂಬು ನೀರು ಇತ್ತು. ನನಗೆ ಅವಮಾನವಾಯಿತು. ನಾನು ಚೌಕಾಸಿ ಮಾಡುವವನೇ ಹೊರತು ಹಾಲಿಗೆ ನೀರು ಬೆರೆಸುವವನಲ್ಲ. ಈ ಫ್ಯಾಟನ್ನು ಮೇಲೆತ್ತಿ ತೋರಿಸುತ್ತೇನೆ ಎಂದುಕೊಂಡೇ ವ್ಯಾಪಾರಕ್ಕೆ ಹೊರಟೆ. ಕೆ.ಆರ್. ಪೇಟೆಯ ಕಡೆ ಒಂದು ಛತ್ರದಲ್ಲಿ ಮದುವೆ ಮುಗಿದಿತ್ತು. ಅಕ್ಕಿಯ ಚೀಲಗಳನ್ನು ಎಣಿಸಿಕೊಳ್ಳುತ್ತಿದ್ದಾಗ ಅಡುಗೆಯವರು, "ಅನ್ನ ಮಿಕ್ಬುಟ್ಟಿದೆ, ತಗೊಂಡೋಗಿ ದನಕ್ಕಾದ್ರೂ ಆಗುತ್ತೆ" ಎಂದರು. ದೊಡ್ಡ ಡ್ರಮ್ಮಿನ ತುಂಬ ಮಲ್ಲಿಗೆಯಂಥ ಅನ್ನ, ಮೇಲೆ ಬೂಂದಿ, ಇನ್ನೊಂದು ಬಕೆಟ್ಟಿನಲ್ಲಿ ಪಾಯಸ. ಬಿಟ್ಟಿ ಕೊಡುವವರ ಹತ್ತಿರವೂ ನಾನು ಚೌಕಾಸಿ ಬಿಡಲಿಲ್ಲ. ಡ್ರಮ್ಮನ್ನೂ ಕೊಡಿ ಎಂದೆ. ಕೊಟ್ಟರು.

ಸಂಜೆ ಚೆಲುವಿಗೆ ಮದುವೆಯೂಟ ಬಡಿಸಿದೆ. ಒಂದು ಪುಟ್ಟಿ ಅನ್ನ, ಮೇಲೆ ಪಾಯಸ. ಅದು ತಿಂದ ರಭಸ ನೋಡಿದರೆ ಕಣ್ಣು ತುಂಬಿ ಬರಬೇಕು. ಇನ್ನೊಂದು ಪುಟ್ಟಿ ಸುರಿದೆ. ಅಷ್ಟರಲ್ಲಿ ಭಾಗ್ಯಳ ಫೋನು. ದಿನಾ ಸಂಜೆ ಅವಳದು ಒಂದೇ ಪ್ರಶ್ನೆ: "ಮೆಲುಕು ಆಕ್ತಾ ಅದಾ?" ನಾನು ತಿಂದೆನಾ ಎಂದು ಕೇಳಿದ್ದೇ ಇಲ್ಲ. "ಮೆಲುಕಾ? ರಾಣಿ ಥರಾ ಅದೆ ನಿನ್ನ ಹಸು. ನೀನು ಬರೋ ಹೊತ್ತಿಗೆ ಗುರುತೇ ಸಿಗಲ್ಲ ನೋಡು" ಎಂದು ಕಾಲು ಗಂಟೆ ಮಾತಾಡಿದೆ. ಆ ಮಾತಿನ ಕೊನೆಯ ಭಾಗ ಬೆಳಿಗ್ಗೆಯೇ ನಿಜವಾಯಿತು.

ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಚೆಲುವಿ ಎದ್ದು ನಿಂತಿದೆ, ಆದರೆ ಜೀವ ಇಲ್ಲಿಲ್ಲದ ಹಾಗೆ ನಿಂತಿದೆ. ಕಿವಿ ಜೋತುಬಿದ್ದಿದೆ. ಗೊಂತಿನಲ್ಲಿ ಹಾಕಿದ ಮೇವು ಹಾಕಿದ ಹಾಗೇ ಇದೆ. ಸಗಣಿ ನೀರಾಗಿ ಹುಳಿ ವಾಸನೆ ಹೊಡೆಯುತ್ತಿದೆ. ದವಡೆ ಆಡುತ್ತಿಲ್ಲ, ಆಗಾಗ ಹಲ್ಲು ಕಡಿಯುವ ಸದ್ದು ಮಾತ್ರ. ನಾನು ನನಗೆ ತಿಳಿದ ವಿದ್ಯೆಯನ್ನೇ ತೋರಿಸಿದೆ, ಎಂದರೆ ಚೌಕಾಸಿಗೆ ನಿಂತೆ. ಹಿಂಡಿ ಬೇಡವಾ, ಸರಿ, ಸೀಮೆಹುಲ್ಲು ತಗೋ. ಅದೂ ಬೇಡವಾ, ಬಾಳೆಹಣ್ಣು ತಗೋ. ಅದೂ ಬೇಡವಾ, ಬೆಲ್ಲ? ಚೆಲುವಿ ಮುಖ ಆಚೆ ತಿರುಗಿಸಿತು. ನನ್ನ ಆಯುಷ್ಯದಲ್ಲಿ ಯಾವ ಗಿರಾಕಿಯೂ ಅಷ್ಟು ಖಂಡಿತವಾಗಿ ವ್ಯಾಪಾರ ಮುರಿದುಕೊಂಡಿರಲಿಲ್ಲ. ಮೊದಲ ಸಲ ನನಗೆ ಭಯವಾಯಿತು. ಭಾಗ್ಯ ಬಸ್ಸಿನಿಂದಿಳಿದು, ಬ್ಯಾಗು ಕೆಳಗಿಡದೆ ನೇರ ಕೊಟ್ಟಿಗೆಗೆ ನಡೆಯುವುದು ಕಣ್ಣಿಗೆ ಕಟ್ಟಿತು. ಅಲ್ಲಿ ಹಸು ಇಲ್ಲದಿದ್ದರೆ ಅವಳು ಏನೂ ಅನ್ನುವುದಿಲ್ಲ. ಏನೂ ಅನ್ನದ ಭಾಗ್ಯಳನ್ನು ನೋಡಿಕೊಂಡು ಬದುಕುವ ಧೈರ್ಯ ನನಗಿಲ್ಲ.

ಪಶು ಆಸ್ಪತ್ರೆಯಿಂದ ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದರು. ವಯಸ್ಸು ಚಿಕ್ಕದು, ಮಾತು ಚಿಕ್ಕದು. ಹಸುವಿನ ಎಡಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ಹಿಡಿದು ಗಡಿಯಾರ ನೋಡಿದರು. ಆಮೇಲೆ ನನ್ನ ಮುಷ್ಟಿಯನ್ನೂ ಅಲ್ಲಿಗೇ ಒತ್ತಿಸಿದರು.

"ಏನಾದ್ರೂ ಗೊತ್ತಾಗ್ತಿದೆಯಾ?"

"ಏನೂ ಇಲ್ಲ."

"ಅದೇ ತೊಂದರೆ. ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಅಲೆ ಬಂದು ಕೈಯನ್ನ ನೂಕಬೇಕು. ಹೊಟ್ಟೆ ನಿಂತಿದೆ. ಏನು ತಿನ್ನಿಸಿದ್ರಿ?"

ಹೇಳಿದೆ. ಬೂಂದಿಯನ್ನು ಬಿಟ್ಟು ಹೇಳಿದೆ. ಅವರು ಸಗಣಿಯನ್ನು ಕಡ್ಡಿಯಿಂದ ಕೆದಕಿ, "ಬೂಂದಿ ಕೂಡ" ಎಂದರು.

ಆಮೇಲೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಹಸು ಇರುವವರು ಮನಸ್ಸಿಟ್ಟು ಕೇಳಿ. ಹಸು ಹುಲ್ಲನ್ನು ತಾನೇ ಅರಗಿಸಿಕೊಳ್ಳುವುದಿಲ್ಲ. ಅದರ ದೊಡ್ಡ ಹೊಟ್ಟೆ ಒಂದು ಡ್ರಮ್ಮು. ಅದರ ತುಂಬ ಕಣ್ಣಿಗೆ ಕಾಣದ ಜೀವಿಗಳು. ಗೊಂತಿಗೆ ನಾವು ಹಾಕುವುದು ಮೊದಲು ಆ ಕೂಲಿಯಾಳುಗಳಿಗೆ ಹಾಕುವ ಊಟ. ಒಣಹುಲ್ಲು ತಿಂದರೆ ಹಸು ಅಗಿಯುತ್ತದೆ; ಅಗಿದಷ್ಟೂ ಜೊಲ್ಲು ಸುರಿಯುತ್ತದೆ; ಆ ಜೊಲ್ಲಿನಲ್ಲಿ ಸೋಡಾದ ಗುಣವಿದೆ; ಅದು ಒಳಗಿನ ಹುಳಿಯನ್ನು ಮುರಿಯುತ್ತದೆ. ಅನ್ನ, ಹಿಟ್ಟು, ಸಿಹಿ ಒಮ್ಮೆಲೇ ಬಿದ್ದರೆ ಅಗಿತವಿಲ್ಲ, ಜೊಲ್ಲಿಲ್ಲ. ಬೇಸಿಗೆಯಲ್ಲಿ ಮರೆತ ದೋಸೆಹಿಟ್ಟಿನ ಹಾಗೆ ಡ್ರಮ್ಮು ಹುಳಿಯಾಗಿ, ಆ ಜೀವಿಗಳೇ ಸಾಯುತ್ತವೆ. ಆಮೇಲೆ ಹಸುವಿಗೆ ಅಮೃತ ಕೊಟ್ಟರೂ ಬೇಡ. ಸೋಮಾರಿತನವೆಂದು ನಾನು ಸ್ಟೂಲು ಹಾಕಿಕೊಂಡು ಬೈದದ್ದು ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಒಂದೇ ಒಂದು ನಿಜವಾದ ಕೆಲಸವನ್ನು.

ಡಾಕ್ಟರಮ್ಮ ಸೂಜಿ ಹಾಕಿದರು. ಸೋಡಾ ಕದಡಿದ ನೀರನ್ನು ಬಿದಿರಿನ ಗೊಟ್ಟದಲ್ಲಿ ಕುಡಿಸಿದರು. ಹೊರಡುವಾಗ ಹೇಳಿದರು: "ಹುಳಿ ಇಳಿಯುತ್ತೆ. ಆದರೆ ಸತ್ತ ಜೀವಿಗಳು ಬರೋದಿಲ್ವಲ್ಲ. ಮೊಸರಿಗೆ ಹೆಪ್ಪು ಬೇಕಾದ ಹಾಗೆ ಇದಕ್ಕೂ ಬೇಕು. ಒಣಹುಲ್ಲು ಚೆನ್ನಾಗಿ ತಿನ್ನೋ ಹಸು ಮೆಲುಕು ಹಾಕುವಾಗ ಅದರ ಬಾಯಿಂದ ಮೆಲುಕು ತೆಗೆದು, ಬೆಚ್ಚಗಿನ ನೀರಲ್ಲಿ ಕಲಸಿ ಕುಡಿಸಿ. ಇವತ್ತೇ." 

ಬೀದಿಯಲ್ಲಿ ಹಸುಗಳಿಗೇನು ಬರ? ಒಂದೊಂದೇ ಮನೆಗೆ ಹೋದೆ. ಮೊದಲ ಮನೆಯಲ್ಲಿ, "ನೀವ್ ಏಳುದ್ರಲ್ಲಾಂತ ಉಲ್ಲು ನಿಲ್ಸಿ ಎಲ್ಡು ದಿನ ಆಯ್ತು" ಎಂದರು. ಎರಡನೆಯ ಮನೆಯಲ್ಲೂ ಅದೇ. ಮೂರನೆಯ ಮನೆಯಲ್ಲಿ ಹಸುವಿನ ಸಗಣಿ ನೋಡಿಯೇ ವಾಪಸು ಬಂದೆ. ನನ್ನ ಮಾತಿಗೆ ಊರಿನಲ್ಲಿ ಇಷ್ಟು ಬೆಲೆ ಇದೆ ಎಂದು ತಿಳಿಯಲು ಇದಕ್ಕಿಂತ ಕೆಟ್ಟ ದಿನ ಸಿಗುತ್ತಿರಲಿಲ್ಲ. ಬೀದಿಯಲ್ಲಿ ನನ್ನ ಬುದ್ಧಿ ಮಾತು ಕೇಳದೆ ಉಳಿದಿದ್ದದ್ದು ಒಂದೇ ಹಸು. ಅದು ಜವರಣ್ಣನ ಕೆಂಪಿ.

ಕೆಂಪಿ ಹೊಂಗೆಮರದ ಕೆಳಗೆ ಮಲಗಿತ್ತು. ದವಡೆ ಗಾಣದ ಹಾಗೆ ತಿರುಗುತ್ತಿತ್ತು. ಜವರಣ್ಣ ಹಗ್ಗ ಹೊಸೆಯುತ್ತಾ ಕುಳಿತಿದ್ದ. ನಾನು ಅಭ್ಯಾಸಬಲದಿಂದ ದೂರದಿಂದ ಶುರುಮಾಡಿದೆ. "ಬಿಸಿಲು ಜೋರು ಅಲ್ವಾ ಜವರಣ್ಣ?"

"ಬಿಸ್ಲು ಎಂಗಾರ ಇರ್ಲಿ. ಡಾಕ್ಟ್ರಮ್ಮನ ಗಾಡಿ ನಿನ್ನ ಮನೆ ಮುಂದೆ ನಿಂತಿತ್ತು. ಅಸುಗೇನಾಯ್ತ್ಲಾ?"

ಹೇಳಿದೆ. ಈ ಸಲ ಬೂಂದಿಯನ್ನೂ ಸೇರಿಸಿ ಹೇಳಿದೆ. ಅವನು ಹಗ್ಗ ಕೆಳಗಿಟ್ಟ. "ಭಾಗ್ಯಮ್ಮಂಗೆ ಗೊತ್ತಾ?"

"ಇಲ್ಲ."

"ಅಯ್ಯೋ ನಿನ್ನ! ಆ ಎಣ್ಣುಮಗ್ಳು ಮಗೀನಂಗೆ ಸಾಕವ್ಳೆ ಕಣ್ಲಾ."

"ಒಂದು ಬಾಯಿ ಮೆಲುಕು ಬೇಕಿತ್ತು" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕೈ ಮಾತ್ರ ಜೇಬಿನ ಕಡೆ ಹೋಗಿತ್ತು. "ಎಷ್ಟು ಅಂತ ಹೇಳು, ಕೊಟ್ಬುಡ್ತೀನಿ."

ಜವರಣ್ಣ ನನ್ನ ಜೇಬಿನ ಕಡೆ ನೋಡಿದ. ರಾಗಿಹುಲ್ಲಿನ ಮೆದೆ, ಕಾಫಿ, ಮುದ್ದೆ, ಎಲ್ಲ ಅವನ ಮುಖದ ಮೇಲೆ ಸಾಲಾಗಿ ಹಾದುಹೋದವು. "ದುಡ್ಡು ಮಡಿಕ್ಕೊ. ಮೆಲುಕಿಗೆಲ್ಲಾದ್ರೂ ದರ ಅದಾ? ಆದ್ರೆ ಬಿಟ್ಟಿ ಕೊಟ್ರೆ ನೀನು ಡ್ರಮ್ಮೂ ಕೊಡು ಅಂತೀಯ. ಅದ್ಕೇ ಒಂದ್ ಮಾತು. ಇವತ್ತೇ ಬೀದೀಲಿ ಎಲ್ರ ಮನೇಗೂ ಓಗಿ, ನಾನ್ ಏಳಿದ್ದು ತಪ್ಪು, ಉಲ್ಲು ಆಕಿ ಅನ್ಬೇಕು. ಆಮ್ಯಾಕೆ ಒಂದ್ ತಿಂಗ್ಳು ನಿನ್ನ ಬಾಯಿಂದ ಈ ಊರಲ್ಲಿ ಯಾರ್ಗೂ ಬುದ್ಧಿ ಮಾತು ಬರಂಗಿಲ್ಲ."

ಹೀಗೆ ಹೇಳಿ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ನನ್ನ ಕೈ ಮೇಲೆ ಹಾಸಿದ. ದನದ ದಳ್ಳಾಳಿಗಳು ನಾಲ್ಕು ಜನರ ನಡುವೆ ದರ ಹೇಳದೆ ಬಟ್ಟೆಯ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರಲ್ಲ, ಹಾಗೆ. ಟವೆಲ್ಲಿನ ಅಡಿಯಲ್ಲಿ ನನ್ನ ಒಂದು ಬೆರಳನ್ನು ಹಿಡಿದುಕೊಂಡ. ಒಂದು ಬೆರಳು, ಒಂದು ತಿಂಗಳು.

ನನ್ನ ರಕ್ತ ಎಚ್ಚರವಾಯಿತು. ಬೆರಳನ್ನು ಅರ್ಧಕ್ಕೆ ಮಡಚಿ, "ಹದಿನೈದು ದಿನ ಮಾಡ್ಕೋ ಜವರಣ್ಣ" ಎನ್ನುವಷ್ಟರಲ್ಲಿ, ಅವತ್ತು ಸಂಜೆಯಾಗುವ ಮೊದಲೇ, ಜೇಬಿನಲ್ಲಿ ಫೋನು ಬಡಿದುಕೊಂಡಿತು. ಭಾಗ್ಯ. ಎತ್ತಿದೆ. "ಮೆಲುಕು ಆಕ್ತಾ ಅದಾ?" "ಊಂ" ಎಂದೆ. ಇಟ್ಟೆ. ಮಡಚಿದ ಬೆರಳನ್ನು ಟವೆಲ್ಲಿನ ಅಡಿಯಲ್ಲಿ ನೆಟ್ಟಗೆ ಮಾಡಿದೆ. ಕೇಳಿದ ದರಕ್ಕೆ ಎರಡನೆಯ ಮಾತಿಲ್ಲದೆ ಒಪ್ಪಿದ ವ್ಯಾಪಾರ ನನ್ನ ಜೀವನದಲ್ಲಿ ಅದೊಂದೇ.

ಜವರಣ್ಣ ಕೆಂಪಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಅದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲನ್ನು ನೀವಿದ. ಹೊಟ್ಟೆಯಿಂದ ಒಂದು ಉಂಡೆ ಕುತ್ತಿಗೆಯ ಒಳಗೆ ಲಿಫ್ಟಿನ ಹಾಗೆ ಮೇಲೇರಿ ಬಾಯಿಗೆ ತಲುಪಿದ್ದೇ ತಡ, ಹಲ್ಲಿಲ್ಲದ ಜಾಗದಿಂದ ಕೈ ತೂರಿಸಿ ಅದನ್ನು ಎಳೆದುಕೊಂಡ. ಕೆಂಪಿ ಬಾಯಿ ತೆರೆದುಕೊಂಡೇ ನನ್ನ ಕಡೆ ನೋಡಿತು. ಊಟದ ಎಲೆಯನ್ನು ಮುಂದಿನಿಂದ ಎಳೆದುಕೊಂಡವರನ್ನು ನೋಡುವ ಹಾಗೆ. ಇನ್ನೊಂದು ಉಂಡೆ, ಮತ್ತೊಂದು ಉಂಡೆ. ಹಸಿರಾದ, ಬೆಚ್ಚಗಿನ, ನೊರೆಯಾಡುವ ಆ ಮುದ್ದೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಾನು ಮನೆಗೆ ಓಡಿದೆ. ಬೆಚ್ಚಗಿನ ನೀರಿನಲ್ಲಿ ಕಲಸಿದ್ದಾಯಿತು; ಜವರಣ್ಣ ಗೊಟ್ಟ ಹಿಡಿದ, ನಾನು ಚೆಲುವಿಯ ತಲೆ ಎತ್ತಿದೆ. ಕುಡಿಸಿದೆವು. ಆಮೇಲೆ ಮನೆಮನೆಗೆ ಹೋಗಿ, "ನಾನು ಹೇಳಿದ್ದು ತಪ್ಪು, ಹುಲ್ಲು ಹಾಕಿ" ಎಂದು ಒಪ್ಪಿಸಿ ಬಂದೆ. ಆ ಮಾತಿಗೂ ಎಲ್ಲರೂ ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ಎಡಪಕ್ಕೆಗೆ ಮುಷ್ಟಿ ಒತ್ತಿ ಕುಳಿತೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿದ ಹಾಗೆ ನನ್ನ ಕೈಯನ್ನು ಮೆಲ್ಲಗೆ ನೂಕಿದರು. ಚೆಲುವಿ ಗೊಂತಿಗೆ ಬಗ್ಗಿ ಒಂದು ಎಳೆ ಒಣಹುಲ್ಲನ್ನು ಎಳೆದುಕೊಂಡಿತು. ಹತ್ತು ಗಂಟೆಯ ಹೊತ್ತಿಗೆ ಕುತ್ತಿಗೆಯಲ್ಲಿ ಒಂದು ಉಂಡೆ ಮೇಲೇರಿತು. ದವಡೆ ಅತ್ತ ಹೋಯಿತು, ಇತ್ತ ಬಂತು. ನಾನು ಸ್ಟೂಲಿನ ಮೇಲೆ ಕುಳಿತು ನೋಡಿದೆ, ನೋಡುತ್ತಲೇ ಇದ್ದೆ. ಅಷ್ಟರಲ್ಲಿ ಹಿಂದೆ ಬಳೆಯ ಸದ್ದಾಯಿತು. ಎರಡು ದಿನ ಮೊದಲೇ ಭಾಗ್ಯ ಬಂದಿದ್ದಳು, ಬ್ಯಾಗು ಹೆಗಲಲ್ಲೇ ಇತ್ತು.

"ಯಾರು ಹೇಳಿದ್ರು ನಿಂಗೆ?" ಎಂದೆ.

"ಯಾರೂ ಏಳ್ಲಿಲ್ಲ. ಮೆಲುಕು ಆಕ್ತಾ ಅದಾ ಅಂದ್ರೆ 'ಊಂ' ಅಂದ್ರಿ. ಮದ್ವೆ ಆದಾಗ್ಲಿಂದ ನೀವು ಒಂದೇ ಮಾತಲ್ಲಿ ಉತ್ರ ಕೊಟ್ಟಿರೋದು ಕಂಡಿದ್ದೀನಾ? ಏನೋ ಆಗದೆ ಅಂತ ಮದ್ಲನೇ ಬಸ್ಸಿಗೇ ಬಂದೆ."

ಎಲ್ಲವನ್ನೂ ಹೇಳಿದೆ. ಅವಳು ಚೆಲುವಿಯ ಎಡಪಕ್ಕೆಗೆ ಕೈಯಿಟ್ಟು, ಒಳಗಿನ ಅಲೆ ಬಂದು ಕೈಯನ್ನು ನೂಕುವವರೆಗೆ ನಿಂತಿದ್ದಳು. ಬೈಯಲಿಲ್ಲ. ಆಮೇಲೆ, "ನೀವೇನಾರ ತಿಂದ್ರಾ?" ಎಂದಳು. ಹಸು ಉಳಿದಿದೆ ಎಂದು ನನಗೆ ಖಾತ್ರಿಯಾದದ್ದು ಆಗಲೇ.

ಫ್ಯಾಟು ಮೊದಲಿನ ಜಾಗಕ್ಕೆ ಬರಲು ಎರಡು ವಾರ ಹಿಡಿಯಿತು. ಡ್ರಮ್ಮಿನಲ್ಲಿ ಉಳಿದಿದ್ದ ಅನ್ನ ಗೊಬ್ಬರದ ಗುಂಡಿ ಸೇರಿತು. ಡ್ರಮ್ಮು ಮಾತ್ರ ಚೆನ್ನಾಗಿದೆ, ಅದರಲ್ಲೀಗ ಬೂಸಾ ಇಟ್ಟಿದ್ದೇವೆ. ಕರಾರಿನ ಪ್ರಕಾರ ನಾನು ಡೈರಿಯ ಸಾಲಿನಲ್ಲಿ ತುಟಿ ಹೊಲಿದುಕೊಂಡು ನಿಲ್ಲುತ್ತೇನೆ. ಕಷ್ಟ ಯಾರಿಗೆ ಹೇಳಲಿ? ನನ್ನ ಕಣ್ಣೆದುರಿಗೇ ಒಬ್ಬ ತಪ್ಪು ಜಾಗದಲ್ಲಿ ಬೋರ್‌ವೆಲ್ ಕೊರೆಸಿದ. ನಾನು ಹಲ್ಲು ಕಚ್ಚಿ ಆಕಾಶ ನೋಡಿದೆ. ನೀರು ಬಂತು, ಅದು ಬೇರೆ ಮಾತು. ಇಪ್ಪತ್ತನೆಯ ದಿನ ತಡೆಯಲಾರದೆ ಭಾಗ್ಯಳನ್ನು ಕೇಳಿದೆ: "ಡೈರಿಯಲ್ಲಿ ಯಾರಾದರೂ ನನ್ನ ವಿಷಯ ಕೇಳ್ತಾರಾ? ಪುಟ್ಟಸ್ವಾಮಿ ಯಾವಾಗ ಬಾಯಿ ಬಿಡ್ತಾನೆ ಅಂತ?"

"ಎಲ್ರೂ ಕೇಳ್ತಾವ್ರೆ" ಎಂದಳು ಭಾಗ್ಯ, ಹಾಲು ಸೋಸುತ್ತಾ.

ನನ್ನ ಎದೆ ಉಬ್ಬಿತು. "ಏನಂತ?"

"ಜವರಣ್ಣನ್ನ ಕೇಳ್ತಾವ್ರೆ. ಕೆಂಪಿ ತಾವ ಇನ್ನೊಂದು ಬಾಯಿ ಮೆಲುಕು ಇಸ್ಕೊಟ್ರೆ, ಇನ್ನೊಂದು ತಿಂಗ್ಳು ಸುಮ್ಕಿರ್ತಾರಾ ಅಂತ."

ಅವತ್ತೇ ಪಾಂಡವಪುರಕ್ಕೆ ಹೋಗಿ ಒಂದು ನೋಟ್‌ಬುಕ್ಕು ತಂದೆ. ಟವೆಲ್ಲಿನ ಅಡಿಯಲ್ಲಿ ಆದ ಕರಾರನ್ನು ಮತ್ತೆ ಮತ್ತೆ ನೆನಪಿಸಿಕೊಂಡು ನೋಡಿದ್ದೇನೆ. ಬಾಯಿಂದ ಬರಬಾರದು ಎಂದ, ಈ ಊರಲ್ಲಿ ಎಂದ. ಕೈಯಿಂದ ಬರಬಾರದು ಎಂದು ಅವನು ಹೇಳಿಲ್ಲ, ಬೇರೆ ಊರಿನವರ ಮಾತು ಎತ್ತಿಯೇ ಇಲ್ಲ. ಆದ್ದರಿಂದ ನೀವು ಯಾವ ಊರಿನವರೇ ಆಗಿರಿ, ಮೇವು ಬದಲಾಯಿಸುವುದಿದ್ದರೆ ಒಂದೇ ದಿನಕ್ಕೆ ಬದಲಾಯಿಸಬೇಡಿ, ದಿನಕ್ಕಿಷ್ಟು ಎಂದು ಎರಡು ವಾರ ತೆಗೆದುಕೊಳ್ಳಿ. ಒಣಹುಲ್ಲನ್ನು ಮಾತ್ರ ಬಿಡಬೇಡಿ. ಮದುವೆಯ ಅನ್ನವನ್ನು ಯಾರಾದರೂ ಬಿಟ್ಟಿ ಕೊಟ್ಟರೆ ಡ್ರಮ್ಮನ್ನಷ್ಟೇ ತೆಗೆದುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಇನ್ನೂ ಬಹಳ ಹಾಳೆ ಉಳಿದಿವೆ. ಬೋರ್‌ವೆಲ್ಲಿನ ಬಗ್ಗೆಯೂ ಎರಡು ಮಾತು ಹೇಳೋಣವೆಂದು ಪುಟ ತಿರುಗಿಸಿದೆ. ಕಿಟಕಿಯ ಆಚೆ ಜವರಣ್ಣ, ಹೆಗಲ ಮೇಲಿನ ಟವೆಲ್ಲನ್ನು ನಿಧಾನವಾಗಿ ಕೈಗೆ ತೆಗೆದುಕೊಳ್ಳುತ್ತಾ, ನಮ್ಮ ಮನೆಯ ಕಡೆಗೇ ಬರುತ್ತಿದ್ದಾನೆ.